ಒಪ್ಪಂದದ ಹಿಂದೆ ಒಂದು ಹಾಳೆ: ಶಾಲೆ ಆಫೀಸಿನಲ್ಲಿ ನನ್ನ ಅನುಭವ

ಶಿಕ್ಷಕರ ಕೆಲಸದ ಒಪ್ಪಂದದ ಹಿಂದೆ, ಯಾವ ಕಾಗದ ಯಾರ ಜವಾಬ್ದಾರಿ ಅಂತ ಬರೆದ ಒಂದು ಹಾಳೆ ಸೇರಿಸೋಣ ಅಂದಿದ್ದೆ. "ಇದು ಕ್ಲರ್ಕ್ ಕೆಲಸ, ಇದಕ್ಕೆ ಒಪ್ಪಂದದಲ್ಲಿ ಯಾಕ್ರೀ ಜಾಗ? ಮೇಷ್ಟ್ರುಗಳು ಸಹಿ ಹಾಕಲ್ಲ ಬಿಡಿ" ಅಂದಿದ್ದರು ನಮ್ಮ ಕಾರ್ಯದರ್ಶಿ. ಎರಡು ವರ್ಷ ಆಯ್ತು. ಈಗ 31 ಶಿಕ್ಷಕರ ಕಡತವೂ ಪೂರ್ತಿ ಇದೆ. ಯಾವ ಕಾಗದ ಕೇಳಿದರೂ ಐದು ನಿಮಿಷದಲ್ಲಿ ತೆಗೆದುಕೊಡುತ್ತೇನೆ.

ಎಲ್ಲ ಶುರುವಾದದ್ದು ಒಂದು ಗ್ರಾಚ್ಯುಟಿ ಲೆಕ್ಕದಿಂದ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಕೊಡುವ ಇಡಿಗಂಟಿನಿಂದ. 2008ರಲ್ಲಿ ಸೇರಿದ ಮೇಡಂ ಒಬ್ಬರು 2022ರಲ್ಲಿ ಕೆಲಸ ಬಿಟ್ಟರು. ಶಿಕ್ಷಕರಿಗೆ ಗ್ರಾಚ್ಯುಟಿ ಇಲ್ಲ ಅನ್ನುವ ಹಳೇ ವಾದ ಆಗ ನಡೆಯುತ್ತಿರಲಿಲ್ಲ. ಗ್ರಾಚ್ಯುಟಿ ಕಾಯ್ದೆಗೆ ಬಂದ 2009ರ ತಿದ್ದುಪಡಿ 1997ರ ಏಪ್ರಿಲ್ 3ರಿಂದಲೇ ಶಿಕ್ಷಕರನ್ನು ಸೇರಿಸಿತ್ತು. 2022ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಎಷ್ಟು ವರ್ಷಕ್ಕೆ ಕೊಡಬೇಕು ಅನ್ನುವುದೇ ನಮ್ಮ ತಲೆನೋವು. ಬೇಸಿಕ್, ಡಿ.ಎ. ಸೇರಿ ಕೊನೇ ಸಂಬಳ 18 ಸಾವಿರ. 14 ವರ್ಷಕ್ಕೆ 1 ಲಕ್ಷ 45 ಸಾವಿರದ ಹತ್ತಿರ ಬರುತ್ತದೆ. ಆದರೆ ಬೀರುವಿನಲ್ಲಿ ಇದ್ದದ್ದು 2013ರಿಂದ ಈಚಿನ ಹಾಜರಾತಿ ಮಾತ್ರ. ಹಿಂದಿನದನ್ನು ಗೆದ್ದಲು ತಿಂದಿತ್ತು. 9 ವರ್ಷ ಅಂತ ಲೆಕ್ಕ ಹಾಕಿದರೆ ಅವರಿಗೆ 50 ಸಾವಿರಕ್ಕಿಂತ ಜಾಸ್ತಿ ಹೋಗುತ್ತಿತ್ತು. ಹತ್ತು ಹನ್ನೊಂದು ದಿನ ಹುಡುಕಿದೆ. ಲ್ಯಾಬ್ ಹಿಂದಿನ ಕೋಣೆಯಲ್ಲಿ, ಮುರಿದ ಬೆಂಚುಗಳ ಕೆಳಗೆ ಹಳೇ ಸಂಬಳ ಬಟವಾಡೆ ಪುಸ್ತಕ ಸಿಕ್ಕಿತು. ಜುಲೈ 2008ರ ಪುಟ. ಸಂಬಳ 3,200 ರೂಪಾಯಿ, ಪಕ್ಕದಲ್ಲಿ ನೀಲಿ ಇಂಕಿನಲ್ಲಿ ಮೇಡಂ ಸಹಿ. ಕಣ್ಣು ತುಂಬಿ ಬಂತು. ಪೂರ್ತಿ ಹಣ ಕೊಡಿಸಿದೆವು.

ಆಮೇಲೆ ಕಾಗದ ಕಾಪಾಡಲು ಮಾಡಿದ್ದೆಲ್ಲ ಕೈಕೊಟ್ಟಿತು. ಎಕ್ಸೆಲ್‌ಗೆ ಹಾಕಿದೆ, ಸಿಡಿಲಿಗೆ ಕಂಪ್ಯೂಟರ್ ಸುಟ್ಟಿತು. ವಾಟ್ಸಾಪ್‌ನಲ್ಲಿ ಕಳಿಸಿ ಅಂದೆ, ಬಂದ ಫೋಟೋಗಳಲ್ಲಿ ಅರ್ಧ ಓದಲಿಕ್ಕೇ ಆಗಲಿಲ್ಲ. ಆದೇಶಗಳ ಲ್ಯಾಮಿನೇಷನ್‌ಗೆ ಸುಮಾರು 1,400 ರೂಪಾಯಿ ಸುರಿದೆ. ಆ ಆದೇಶಗಳ ಮೇಲೆ ಷರಾ ಬರೆಯಲು, ಸೀಲ್ ಹಾಕಲು ಆಗದೆ ಒದ್ದಾಡಿದೆ.

ಒಂದು ರಾತ್ರಿ ನಮ್ಮ ಒಪ್ಪಂದವನ್ನೇ ಕೂತು ಓದಿದೆ. ಯಾವ ಕಾಗದ ಯಾರ ಜವಾಬ್ದಾರಿ ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ. ಅದಕ್ಕೇ ಹಿಂದೆ ಒಂದು ಹಾಳೆ ಸೇರಿಸಿದೆ. ಕಾಗದದ ಹೆಸರು, ಕೊಡುವವರು, ಇಡುವವರು, ಎಷ್ಟು ದಿನದೊಳಗೆ. ನಾಲ್ಕೇ ಕಾಲಂ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ನೋಡಿ ಅವತ್ತೇ ವಾಪಸ್, ನಮಗೆ ನಕಲು ಸಾಕು. ಒರಿಜಿನಲ್ ಹಿಡಿದಿಟ್ಟುಕೊಳ್ಳುವುದು ತಪ್ಪು, ನಾನಂತೂ ಒಪ್ಪುವುದಿಲ್ಲ. ಪಿ.ಎಫ್. ಫಾರಂ 11, ಅಂದರೆ ಹೊಸದಾಗಿ ಸೇರಿದವರು ತಮ್ಮ ಪಿ.ಎಫ್. ವಿವರ ಬರೆದುಕೊಡುವ ಹಾಳೆ, ಸೇರಿದ ವಾರದಲ್ಲೇ. ಆಧಾರ್‌ಗೂ ಯು.ಎ.ಎನ್.ಗೂ (ಪಿ.ಎಫ್. ಸದಸ್ಯರ ಸಂಖ್ಯೆ) ಇನಿಷಿಯಲ್ ತಾಳೆಯಾಗದಿದ್ದರೆ ಅರ್ಜಿ ಶಿಕ್ಷಕರದು, ಶಾಲೆಯ ಒಪ್ಪಿಗೆ ಬೇಕಾದ ಕಡೆ ಅದನ್ನು ಕೊಡುವ ಕೆಲಸ ನಮ್ಮದು. ಸೇವಾ ಪುಸ್ತಕ ಬರೆಯುವುದು ಆಫೀಸು, ಏಪ್ರಿಲ್‌ನಲ್ಲಿ ನೋಡಿ ಸಹಿ ಹಾಕುವುದು ಶಿಕ್ಷಕರು. ಒಪ್ಪಂದ ಎರಡು ಪ್ರತಿ, ಒಂದು ಅವರ ಕೈಗೇ.

ಫೈಲು, ಟ್ಯಾಗು, ನಾಲ್ಕು ಪುಸ್ತಕದ ಬೈಂಡಿಂಗ್ ಎಲ್ಲ ಸೇರಿ ಎರಡೂವರೆ ಸಾವಿರ ಆಗಿರಬಹುದು. ಅಷ್ಟೇ.

ಮೊದಲ ಏಪ್ರಿಲ್‌ನಲ್ಲಿ ಸಹಿ ಹಾಕಿದ್ದು 12 ಜನ. "ಇದು ನಮ್ಮನ್ನ ಕಟ್ಟಿಹಾಕೋ ಹಾಳೆ" ಅಂದರು ಹಿರಿಯ ಮೇಷ್ಟ್ರೊಬ್ಬರು. ವಾದ ಮಾಡಲಿಲ್ಲ. "ಸಾರ್, ನಿಮ್ಮ ಸೇವಾ ಪುಸ್ತಕ ಒಂದು ಸಲ ನೋಡಿ" ಅಂತ ಮುಂದಿಟ್ಟೆ. ಎರಡು ಇನ್‌ಕ್ರಿಮೆಂಟ್ ನಮೂದೇ ಆಗಿರಲಿಲ್ಲ. ಅವತ್ತೇ ಸಹಿ ಹಾಕಿದರು. ಉಳಿದವರನ್ನು ಒಪ್ಪಿಸಿದ ಉಪಾಯ ಬೇರೆ ಇದೆ. ಅದು ನನ್ನ ಹತ್ತಿರವೇ ಇರಲಿ.

ಬೀರುವಿನಲ್ಲೂ ಒಂದು ಪ್ರಯೋಗ ಮಾಡಿದೆ. ಒಂದು ಅರೆಗೆ ನುಸಿ ಗುಳಿಗೆ, ಇನ್ನೊಂದಕ್ಕೆ ಬೇವಿನ ಸೊಪ್ಪು. ಮಳೆಗಾಲ ಕಳೆದ ಮೇಲೆ ಎರಡರಲ್ಲೂ ಹುಳು ಇರಲಿಲ್ಲ, ಆದರೆ ಹಸಿ ಸೊಪ್ಪು ಕಾಗದಕ್ಕೆ ಕಲೆ ಮಾಡಿತ್ತು. ಈಗ ನೆರಳಲ್ಲಿ ಒಣಗಿಸಿ ಬಟ್ಟೆ ಗಂಟು ಕಟ್ಟಿ ಇಡುತ್ತೇನೆ. ಬೀರುವನ್ನು ಗೋಡೆಯಿಂದ ಒಂದು ಗೇಣು ಈಚೆ ಎಳೆದಿದ್ದೇನೆ.

ಈ ಜೂನ್‌ನಿಂದ ವ್ಯಾನ್ ಗುತ್ತಿಗೆಗೂ ಇದೇ ಹಾಳೆ. ಇನ್ಶೂರೆನ್ಸ್, ಎಫ್.ಸಿ. (ವಾಹನದ ಫಿಟ್‌ನೆಸ್ ಪತ್ರ), ಡ್ರೈವರ್ ಲೈಸೆನ್ಸ್ ನಕಲು ಅವಧಿ ಮುಗಿಯುವ 15 ದಿನ ಮೊದಲೇ ನನ್ನ ಟೇಬಲ್ ಮೇಲೆ ಇರಬೇಕು. ಗುತ್ತಿಗೆದಾರರು ಇನ್ನೂ ಒಪ್ಪಿಲ್ಲ. ಈ ಸಲ ಅವರ ಹತ್ತಿರ ಮಾತಾಡಲು ಕಾರ್ಯದರ್ಶಿಗಳೇ ಹೋಗಿದ್ದಾರೆ.