ಅಯೋವಾದ ಹೊಲಗಳ ನಡುವೆ ಮನೆ ಮಾಡಿದರೆ

ಅಯೋವಾದಂಥ ರಾಜ್ಯದ ಸಣ್ಣ ಊರುಗಳಿಗೆ ನಮ್ಮವರು ಬರುವ ದಾರಿಗಳಲ್ಲಿ ಆಸ್ಪತ್ರೆ ಕೆಲಸವೂ ಒಂದು. ಜೆ-1 ವೀಸಾದಲ್ಲಿ ತರಬೇತಿ ಮುಗಿಸಿದ ವೈದ್ಯರು ಸ್ವದೇಶಕ್ಕೆ ಮರಳದೆ ಅಮೆರಿಕದಲ್ಲೇ ಉಳಿಯಲು ಕಾನ್ರಾಡ್ 30 ಯೋಜನೆ ಅವಕಾಶ ಕೊಡುತ್ತದೆ. ಅದಕ್ಕೆ ವೈದ್ಯರ ಕೊರತೆ ಇರುವ ಕಡೆ ಮೂರು ವರ್ಷ ದುಡಿಯಬೇಕು. ಹಾಗೆ ಬಂದವರಿಗೆ ಕೆಲಸದ ವಿಷಯ ಹೇಳಿಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಮನೆ ನಡೆಸುವ ವಿಷಯ ಮಾತ್ರ ಯಾರೂ ಹೇಳುವುದಿಲ್ಲ, ಏಕೆಂದರೆ ಇಲ್ಲಿ ಹುಟ್ಟಿ ಬೆಳೆದವರಿಗೆ ಅದು ಹೇಳಬೇಕಾದ ವಿಷಯ ಅಂತಲೇ ಅನ್ನಿಸುವುದಿಲ್ಲ. ಇಲ್ಲಿ ನೆಲೆಸಿ ಕಲಿತದ್ದನ್ನು ಬರೆದಿದ್ದೇನೆ.

ಮೊದಲ ತೀರ್ಮಾನ ಮನೆ ಊರೊಳಗೋ ಊರಾಚೆಯೋ ಎಂಬುದು. ಸಾವಿರ ಜನರ ಊರಾದರೂ ಅದರ ಗಡಿಯೊಳಗೆ ನಲ್ಲಿ ನೀರು, ಒಳಚರಂಡಿ, ರಸ್ತೆಯ ಹಿಮ ತೆಗೆಯುವ ವ್ಯವಸ್ಥೆ ಸಾಮಾನ್ಯವಾಗಿ ಇರುತ್ತದೆ. ಗಡಿ ದಾಟಿ ಅರ್ಧ ಮೈಲಿ ಹೋದರೆ ಸಾಕು, ನಿಮ್ಮ ಮನೆಗೆ ನೀವೇ ಮುನಿಸಿಪಾಲಿಟಿ. ಎರಡು ಮೂರು ಎಕರೆ ಜಾಗ, ಹಳೆಯ ಕೊಟ್ಟಿಗೆ, ಸುತ್ತ ಮೆಕ್ಕೆಜೋಳದ ಹೊಲ ನೋಡಿ ಮರುಳಾಗುವುದು ಸುಲಭ. ಒಂದು ಚಳಿಗಾಲ ಊರೊಳಗಿನ ಬಾಡಿಗೆ ಮನೆಯಲ್ಲಿ ಕಳೆದು ಆಮೇಲೆ ಆಚೆ ಹೋಗಿ ಅಂತ ನಾನು ಹೇಳುತ್ತೇನೆ. ಹೆರಿಗೆ ಆಗಬೇಕಿರುವವರು ಮನೆಗಿಂತ ಮೊದಲು ಆಸ್ಪತ್ರೆ ವಿಚಾರಿಸಬೇಕು. ಈ ಕಡೆಯ ‘ಕ್ರಿಟಿಕಲ್ ಆಕ್ಸೆಸ್’ ಎಂಬ ಸಣ್ಣ ಗ್ರಾಮೀಣ ಆಸ್ಪತ್ರೆಗಳಲ್ಲಿ 25ಕ್ಕಿಂತ ಹೆಚ್ಚು ಹಾಸಿಗೆ ಇರುವಂತಿಲ್ಲ, ಎಷ್ಟೋ ಕಡೆ ಹೆರಿಗೆ ವಾರ್ಡೇ ಮುಚ್ಚಿದೆ.

ಊರಾಚೆಯ ಮನೆಗೆ ನೀರು ಬೋರ್‌ವೆಲ್‌ನಿಂದ. ಮನೆ ಕೊಳ್ಳುವ ಮುಂಚೆ ನೈಟ್ರೇಟ್ ಮತ್ತು ಕೋಲಿಫಾರ್ಮ್ ಬ್ಯಾಕ್ಟೀರಿಯಾ ಪರೀಕ್ಷೆ ಮಾಡಿಸಿ, ಆಮೇಲೆ ವರ್ಷಕ್ಕೊಮ್ಮೆ. ಖಾಸಗಿ ಬಾವಿಗಳ ಪರೀಕ್ಷೆಗೆ ರಾಜ್ಯದ ಅನುದಾನವಿದೆ, ಕೌಂಟಿಯ (ಇಲ್ಲಿನ ಜಿಲ್ಲೆ) ಆರೋಗ್ಯ ಕಚೇರಿಗೆ ಫೋನ್ ಮಾಡಿದರೆ ಸಾಮಾನ್ಯವಾಗಿ ಪುಕ್ಕಟೆ. ಜೋಳಕ್ಕೆ ಹಾಕಿದ ಸಾರಜನಕ ಮಳೆಯೊಂದಿಗೆ ಇಳಿದು, ಹೊಲದಡಿಯ ಬಸಿಗಾಲುವೆ ಕೊಳವೆಗಳ ಮೂಲಕ ಹೊಳೆ ಸೇರುತ್ತದೆ, ಆಳವಿಲ್ಲದ ಬಾವಿಗೂ ಇಳಿಯುತ್ತದೆ. 2025ರ ಬೇಸಿಗೆಯಲ್ಲಿ ನದಿಯ ನೈಟ್ರೇಟ್ ಏರಿ, ರಾಜಧಾನಿ ಡೆಮೋಯ್ನ್ ಸುತ್ತಮುತ್ತ ಹುಲ್ಲಿಗೆ ನೀರು ಬಿಡುವುದನ್ನೇ ನಿಷೇಧಿಸಿದ್ದರು. ನೈಟ್ರೇಟ್ (ಸಾರಜನಕದ ಲೆಕ್ಕದಲ್ಲಿ) ಲೀಟರಿಗೆ 10 ಮಿಲಿಗ್ರಾಂ ದಾಟಿದ ನೀರನ್ನು ಆರು ತಿಂಗಳೊಳಗಿನ ಮಗುವಿಗೆ ಕೊಡಲೇಬಾರದು. ನಮ್ಮ ಮನೆಗಳ ಅಭ್ಯಾಸ ಇಲ್ಲಿ ಕೈಕೊಡುತ್ತದೆ: ಕಾಯಿಸಿ ಆರಿಸಿದ ನೀರು ಅಂದರೆ ಸುರಕ್ಷಿತ ಅಂತ ನಾವು ನಂಬಿದ್ದೇವೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತದೆ ನಿಜ. ಆದರೆ ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ನೈಟ್ರೇಟ್ ಗಟ್ಟಿಯಾಗುತ್ತದೆ. ನೀರನ್ನು ಮೆದುಗೊಳಿಸುವ ಸಾಫ್ಟನರ್ ಯಂತ್ರ ಕೂಡ ಅದನ್ನು ತೆಗೆಯುವುದಿಲ್ಲ. ಸಿಂಕಿನ ಕೆಳಗೆ ಆರ್‌ಓ ಫಿಲ್ಟರ್ ಹಾಕಿಸಬೇಕು.

ಸಾಫ್ಟನರ್ ಬೇಕಾಗುವುದು ಗಡಸುತನಕ್ಕೆ. ಇಲ್ಲಿನ ಬಾವಿ ನೀರಿನ ಗಡಸುತನ ಗ್ಯಾಲನ್ನಿಗೆ 20 ಗ್ರೇನ್ ದಾಟುವುದೂ ಉಂಟು, ಜೊತೆಗೆ ಕಬ್ಬಿಣ. ಯಂತ್ರಕ್ಕೆ ಗಡಸುತನದ ಅಂಕಿ ಕೊಡುವಾಗ ಪ್ರತಿ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಕಬ್ಬಿಣಕ್ಕೆ ನಾಲ್ಕೈದು ಗ್ರೇನ್ ಸೇರಿಸಿ, ಇಲ್ಲದಿದ್ದರೆ ಬಚ್ಚಲೆಲ್ಲ ಕೆಂಪು ಕಲೆ. ಯಂತ್ರಕ್ಕೆ ಹಾಕುವ ಉಪ್ಪು 40 ಪೌಂಡಿನ ಚೀಲಗಳಲ್ಲಿ ಸಿಗುತ್ತದೆ. ಡಬ್ಬಿಯ ತುಂಬ ಉಪ್ಪಿದ್ದೂ ನೀರು ಗಡಸಾದರೆ, ಮೇಲೆ ಉಪ್ಪು ಹೆಪ್ಪುಗಟ್ಟಿ ಕೆಳಗೆ ಪೊಳ್ಳಾಗಿರುತ್ತದೆ. ಪೊರಕೆ ಹಿಡಿಯಿಂದ ಮೆಲ್ಲಗೆ ತಿವಿದರೆ ಆ ಗಟ್ಟಿ ಪದರ ಮುರಿದು ಕುಸಿಯುತ್ತದೆ. ಅರ್ಧಕ್ಕಿಂತ ಹೆಚ್ಚು ತುಂಬದಿದ್ದರೆ ಈ ಕಾಟ ಕಡಿಮೆ. ಇನ್ನು, ತೊಗರಿಬೇಳೆ ಎಷ್ಟು ಸೀಟಿ ಹಾಕಿಸಿದರೂ ಬೇಯುತ್ತಿಲ್ಲ ಅಂತ ಬೇಳೆಯನ್ನು ಬೈಯಬೇಡಿ. ಅಡುಗೆಮನೆಯ ತಣ್ಣೀರ ನಲ್ಲಿಯನ್ನು ಅನೇಕ ಮನೆಗಳಲ್ಲಿ ಸಾಫ್ಟನರಿಗೆ ಜೋಡಿಸಿರುವುದಿಲ್ಲ. ಬೇಳೆಗೆ ಆರ್‌ಓ ನೀರು ಹಾಕಿದರೆ ಸರಿಹೋಗುತ್ತದೆ.

ಸೆಪ್ಟಿಕ್ ಟ್ಯಾಂಕನ್ನು ಮೂರರಿಂದ ಐದು ವರ್ಷಕ್ಕೊಮ್ಮೆ ಖಾಲಿ ಮಾಡಿಸಬೇಕು. 2009ರಿಂದ ಅಯೋವಾದಲ್ಲಿ ಮನೆ ಮಾರುವಾಗ ಇದರ ತಪಾಸಣೆ ಕಡ್ಡಾಯ, ವರದಿ ಕೇಳಿ ಓದಿ. ನಮ್ಮ ಅಡುಗೆಗೆ ಸಂಬಂಧಿಸಿದ ಸಮಸ್ಯೆ ಎಣ್ಣೆ. ಒಗ್ಗರಣೆ ಸೌಟು, ಕರಿದ ಬಾಣಲೆಗಳನ್ನು ಪೇಪರಿನಿಂದ ಒರೆಸಿ ಕಸಕ್ಕೆ ಹಾಕಿದ ಮೇಲೆ ತೊಳೆಯಿರಿ. ತುಪ್ಪ, ಎಣ್ಣೆ ಟ್ಯಾಂಕಿನಲ್ಲಿ ಕೆನೆಗಟ್ಟಿ, ಅಲ್ಲಿಂದ ಇಂಗುಕಾಲುವೆಗೆ ಹರಿದರೆ ಮಣ್ಣಿನ ರಂಧ್ರ ಮುಚ್ಚುತ್ತದೆ. ಹೊಸ ಇಂಗುಕಾಲುವೆಗೆ ಸಾವಿರಾರು ಡಾಲರ್. ಅದರ ಮೇಲೆ ಕಾರು ನಿಲ್ಲಿಸಬಾರದು, ಚಳಿಗಾಲದಲ್ಲಂತೂ ಓಡಾಡಲೂಬಾರದು. ಸಡಿಲ ಹಿಮ ನೆಲಕ್ಕೆ ಹೊದಿಕೆ ಇದ್ದಂತೆ, ತುಳಿದು ಗಟ್ಟಿಯಾದ ಹಿಮದಡಿ ನೆಲ ಬೇಗ ಹೆಪ್ಪುಗಟ್ಟುತ್ತದೆ. ಮನೆ ಬಿಸಿಮಾಡುವ ಫರ್ನೇಸಿನಿಂದ ತೊಟ್ಟಿಕ್ಕುವ ನೀರಿನ ಕೊಳವೆ ಸೆಪ್ಟಿಕ್‌ಗೆ ಹೋಗುತ್ತಿದ್ದರೆ ಅದನ್ನೂ ನೋಡಿ. ಜೋರಾಗಿ ಹರಿಯುವ ನೀರು ಹೆಪ್ಪುಗಟ್ಟುವುದಿಲ್ಲ. ಹನಿಹನಿಯಾಗಿ ಇಳಿಯುವ ನೀರೇ ಪದರ ಪದರವಾಗಿ ಕಟ್ಟಿ ಪೈಪನ್ನು ಮುಚ್ಚುತ್ತದೆ.

ಎಲ್ಲಕ್ಕಿಂತ ಹೆಚ್ಚು ಲೆಕ್ಕಾಚಾರ ಬೇಕಾಗುವುದು ಫರ್ನೇಸಿಗೂ ಒಲೆಗೂ ಉರಿಸುವ ಪ್ರೊಪೇನ್ ಗ್ಯಾಸಿಗೆ. ಹಿತ್ತಲಲ್ಲಿ ಮಲಗಿರುವ ಬಿಳಿ ಟ್ಯಾಂಕು ಸಾಮಾನ್ಯವಾಗಿ 500 ಗ್ಯಾಲನ್ನಿನದು. ಬಿಸಿಲಿಗೆ ದ್ರವ ಹಿಗ್ಗುವುದರಿಂದ 80 ಶೇಕಡಾ ಮಾತ್ರ ತುಂಬುತ್ತಾರೆ, ಅಂದರೆ 400 ಗ್ಯಾಲನ್. ಮುಚ್ಚಳ ಎತ್ತಿದರೆ ಕಾಣುವ ಮುಳ್ಳು ಶೇಕಡಾ ತೋರಿಸುತ್ತದೆ, ಗ್ಯಾಲನ್ ಅಲ್ಲ. 30ಕ್ಕೆ ಇಳಿದಾಗ ಫೋನ್ ಮಾಡಬೇಕು. 20ರ ತನಕ ಕಾದರೆ, ಹಿಮಗಾಳಿ ಬಂದು ಲಾರಿ ತಡವಾದಾಗ ಒದ್ದಾಡಬೇಕಾಗುತ್ತದೆ. ಟ್ಯಾಂಕ್ ಪೂರ್ತಿ ಬರಿದಾದರೆ ತುಂಬಿಸಿದೊಡನೆ ಒಲೆ ಹಚ್ಚುವಂತಿಲ್ಲ. ಗ್ಯಾಸ್ ಕಂಪನಿಯವರೇ ಸೋರಿಕೆ ಪರೀಕ್ಷೆ ಮಾಡಿ, ಪೈಲಟ್ ದೀಪಗಳನ್ನು (ಒಲೆ, ಫರ್ನೇಸಿನೊಳಗೆ ಸದಾ ಉರಿಯುವ ಕಿರುಜ್ವಾಲೆ) ಹೊತ್ತಿಸಬೇಕು, ಅದಕ್ಕೆ ಬೇರೆ ಬಿಲ್ಲು.

ಟ್ಯಾಂಕು ನಿಮ್ಮದೋ ಕಂಪನಿಯದೋ ಅಂತ ಮೊದಲೇ ಕೇಳಿಕೊಳ್ಳಿ. ಬಾಡಿಗೆಯದಾದರೆ ಆ ಕಂಪನಿ ಬಿಟ್ಟು ಬೇರೆಯವರು ತುಂಬುವಂತಿಲ್ಲ, ಬೆಲೆ ಅವರು ಹೇಳಿದ್ದೇ. ಬೇಸಿಗೆಯಲ್ಲೇ ಚಳಿಗಾಲದ ಗ್ಯಾಸಿಗೆ ಬೆಲೆ ನಿಗದಿ ಮಾಡಿಕೊಳ್ಳುವ ಒಪ್ಪಂದಗಳಿವೆ, ಮಾಡಿಕೊಳ್ಳಿ. ಕಾರಣ ಹೊಲದಲ್ಲಿದೆ. ಜೋಳವನ್ನು ಕಣಜಕ್ಕೆ ತುಂಬುವ ಮೊದಲು ತೇವ ಸುಮಾರು 15 ಶೇಕಡಾಕ್ಕೆ ಇಳಿಯಬೇಕು, ಒಣಗಿಸುವ ಯಂತ್ರಗಳಲ್ಲಿ ಬಹಳಷ್ಟು ಉರಿಯುವುದು ಇದೇ ಪ್ರೊಪೇನ್. ಒದ್ದೆ ಶರತ್ಕಾಲ ಬಂದರೆ ನಿಮ್ಮ ಫರ್ನೇಸಿಗೂ ರೈತರ ಡ್ರೈಯರಿಗೂ ಪೈಪೋಟಿ. 2013ರಲ್ಲಿ ಹಾಗೇ ಆಗಿ, ಹಿಂದೆಯೇ 2014ರ ಜನವರಿಯ ಕಡುಚಳಿಯೂ ಬಂದು ಮಿಡ್‌ವೆಸ್ಟಿನಲ್ಲಿ ಬೆಲೆ ಗಗನಕ್ಕೇರಿತ್ತು. ಅಕ್ಟೋಬರಿನಲ್ಲಿ ರಾತ್ರಿಯಿಡೀ ಊರಿನ ಕೋ-ಆಪ್ (ರೈತರ ಸಹಕಾರ ಸಂಘ) ಕಣಜದಿಂದ ಗುಂಯ್ಗುಟ್ಟುವ ಸದ್ದು ಕೇಳಿಸಿದರೆ ಟ್ಯಾಂಕಿನ ಮುಳ್ಳು ನೋಡಿಬನ್ನಿ.

ನಗರದಿಂದ ಗ್ಯಾಸ್ ಸ್ಟೋವ್ ತಂದವರು ಅದರ ನಳಿಕೆಗಳನ್ನು ಪ್ರೊಪೇನಿಗೆ ಬದಲಾಯಿಸಬೇಕು. ನ್ಯಾಚುರಲ್ ಗ್ಯಾಸಿನ ನಳಿಕೆಯ ತೂತು ದೊಡ್ಡದು. ಹಾಗೇ ಜೋಡಿಸಿದರೆ ಹಳದಿ ಉರಿ ಎತ್ತರಕ್ಕೆ ಎದ್ದು ಪಾತ್ರೆಗೆ ಮಸಿ ಹಿಡಿಯುತ್ತದೆ, ಕಾರ್ಬನ್ ಮೊನಾಕ್ಸೈಡ್ ಅಪಾಯವೂ ಇದೆ.

ಹಿಮಗಾಳಿ ನಿಂತ ಕೂಡಲೇ ಮೂರು ಜಾಗ ನೋಡಬೇಕು. ಫರ್ನೇಸಿನ ಬಿಳಿ ಪಿವಿಸಿ ಪೈಪುಗಳು ಮನೆಯ ಪಕ್ಕದ ಗೋಡೆಯಿಂದ ಹೊರಬರುವ ಕಡೆ ಹಿಮ ಒಟ್ಟಿಕೊಂಡಿದ್ದರೆ ಗಾಳಿಯಾಡದೆ ಫರ್ನೇಸ್ ತಾನೇ ನಿಂತುಬಿಡುತ್ತದೆ. ಮಧ್ಯರಾತ್ರಿ ಮನೆ ತಣ್ಣಗಾಯಿತೆಂದು ರಿಪೇರಿಯವರಿಗೆ ಫೋನ್ ಮಾಡುವ ಮೊದಲು ಸಲಿಕೆ ಹಿಡಿದು ಅಲ್ಲಿ ಹೋಗಿ. ಟ್ಯಾಂಕಿನ ರೆಗ್ಯುಲೇಟರ್ ಮೇಲಿನ ಹಿಮವನ್ನು ಪೊರಕೆಯಿಂದ ಗುಡಿಸಿ, ಸಲಿಕೆಯಿಂದ ಕೆರೆಯಬೇಡಿ. ಆಮೇಲೆ ರಸ್ತೆಯಿಂದ ಟ್ಯಾಂಕಿನ ತನಕ ಲಾರಿಯವನು ಪೈಪು ಎಳೆದು ತರುವಷ್ಟು ದಾರಿ ಬಿಡಿಸಿ. ಅಕ್ಟೋಬರ್ ಮುಗಿಯುವುದರೊಳಗೆ ಹೊರಗಿನ ನಲ್ಲಿಗಳಿಂದ ತೋಟದ ಪೈಪು ಬಿಚ್ಚಿಡಬೇಕು. ಚಳಿಗೆ ಒಡೆಯದ ನಲ್ಲಿ ಅಂತ ಮಾರುವುದು ಕೂಡ ಪೈಪು ಸಿಕ್ಕಿಸಿಯೇ ಬಿಟ್ಟರೆ ನೀರು ಬಸಿಯದೆ ಗೋಡೆಯೊಳಗೇ ಸೀಳುತ್ತದೆ. ಅದು ಗೊತ್ತಾಗುವುದು ಏಪ್ರಿಲಿನಲ್ಲಿ ಮತ್ತೆ ನಲ್ಲಿ ತಿರುಗಿಸಿದಾಗ, ಬೇಸ್‌ಮೆಂಟಿನಲ್ಲಿ ನೀರು ನಿಂತ ಮೇಲೆ.

ಬೇಸ್‌ಮೆಂಟ್ ಅಂದಾಗ, ನೆಲದಿಂದ ಒಳಗೆ ಬರುವ ವಿಕಿರಣಶೀಲ ರೇಡಾನ್ ಅನಿಲದ ಪರೀಕ್ಷೆಯನ್ನೂ ಮಾಡಿಸಿ. ಅಯೋವಾದ ಎಲ್ಲ ಕೌಂಟಿಗಳೂ ಹೆಚ್ಚು ಅಪಾಯದ ಪಟ್ಟಿಯಲ್ಲಿವೆ, ಲೀಟರ್ ಗಾಳಿಗೆ 4 ಪಿಕೋಕ್ಯೂರಿ ದಾಟಿದರೆ ಹೊರಹಾಕುವ ಫ್ಯಾನ್ ಕೂರಿಸಬೇಕು. ಸುಂಟರಗಾಳಿಯ ಸೈರನ್ ಬಯಲಲ್ಲಿರುವವರಿಗಾಗಿ ಇರುವಂಥದ್ದು. ಕಿಟಕಿ ಮುಚ್ಚಿ ಮಲಗಿದವರಿಗೆ ಕೇಳಿಸದಿರಬಹುದು, ಬ್ಯಾಟರಿ ಇರುವ ಹವಾಮಾನ ರೇಡಿಯೋ ಇಟ್ಟುಕೊಳ್ಳಿ.

ಕರೆಂಟ್ ಹೋದರೆ ಊರಾಚೆಯ ಮನೆಗೆ ನೀರೂ ಹೋಯಿತು. ಪ್ರೆಷರ್ ಟ್ಯಾಂಕಿನಲ್ಲಿ ಉಳಿದಿರುವುದು ಕೆಲವು ಬಕೆಟ್ ಅಷ್ಟೇ. 2020ರ ಆಗಸ್ಟ್ 10ರ ‘ಡೆರೇಚೊ’ ಬಿರುಗಾಳಿ ಸೀಡರ್ ರ‍್ಯಾಪಿಡ್ಸ್ ಕಡೆ ಗಂಟೆಗೆ ಸುಮಾರು 140 ಮೈಲಿ ವೇಗದಲ್ಲಿ ಬೀಸಿದಾಗ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ. ಅಂಗಡಿಯಲ್ಲಿ ಸಿಗುವ 2000 ವಾಟಿನ ಪುಟ್ಟ ಜನರೇಟರ್ ಫ್ರಿಜ್ ನಡೆಸುತ್ತದೆ, ಆದರೆ ಬೋರ್‌ವೆಲ್ ಪಂಪಿಗೆ ಸಾಮಾನ್ಯವಾಗಿ 240 ವೋಲ್ಟ್ ಬೇಕು. 240 ವೋಲ್ಟ್ ಕೊಡುವ ದೊಡ್ಡ ಜನರೇಟರನ್ನೇ ಕೊಳ್ಳಿ. ಎಲೆಕ್ಟ್ರಿಷಿಯನ್ ಕೈಲಿ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ, ಜನರೇಟರನ್ನು ಮನೆಯಿಂದ 20 ಅಡಿ ದೂರದಲ್ಲಿಟ್ಟು ಓಡಿಸಿ. ಸ್ವಿಚ್ಚಿಲ್ಲದೆ ಪ್ಲಗ್ಗಿಗೆ ಸಿಕ್ಕಿಸಿದರೆ ಕರೆಂಟ್ ಹಿಂದಕ್ಕೆ ಹರಿದು ಲೈನ್‌ಮನ್ನಿನ ಪ್ರಾಣಕ್ಕೆ ಕುತ್ತು.

ರಸ್ತೆಗಳು ಮೈಲಿಗೊಂದರಂತೆ ಚೌಕ ಚೌಕ, ದಾರಿ ತಪ್ಪುವುದು ಕಷ್ಟ. ಆದರೆ ಮೊಬೈಲ್ ಮ್ಯಾಪನ್ನು ಕಣ್ಣುಮುಚ್ಚಿ ನಂಬಬೇಡಿ. ಅಯೋವಾದಲ್ಲಿ ‘ಲೆವೆಲ್ ಬಿ’ ಎಂಬ ಫಲಕವಿರುವ ಮಣ್ಣಿನ ರಸ್ತೆಗಳಿವೆ: ಜಲ್ಲಿ ಹಾಕಿರುವುದಿಲ್ಲ, ಹೋದರೆ ಹೊಣೆ ನಿಮ್ಮದೇ. ಒಣಗಿದಾಗ ಹೆದ್ದಾರಿಯಂತೆ ಕಾಣುವ ಆ ಮಣ್ಣು ಒಂದು ಮಳೆಗೆ ಚಕ್ರಕ್ಕೆ ಮೆತ್ತಿಕೊಂಡು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವನ್ನೇ ಕಚ್ಚುತ್ತದೆ. ಅಲ್ಲಿಂದ ಎಳೆಯಲು ಟ್ರ್ಯಾಕ್ಟರೇ ಬೇಕು. ಜಲ್ಲಿ ರಸ್ತೆಯಲ್ಲಿ ಗಂಟೆಗೆ 40 ಮೈಲಿ ದಾಟದಿರುವುದು ಮೇಲು. ಆಗಸ್ಟಿನಲ್ಲಿ ಜೋಳ ಆಳೆತ್ತರ ಮೀರಿರುವಾಗ ಅಡ್ಡರಸ್ತೆ ಕಾಣುವುದೇ ಇಲ್ಲ. ಫಲಕ ಇರಲಿ ಬಿಡಲಿ, ಪ್ರತಿ ಕೂಡುರಸ್ತೆಯಲ್ಲೂ ನಿಧಾನಿಸಿ. ಎಡಕ್ಕೆ ತಿರುಗುವ ಟ್ರ್ಯಾಕ್ಟರ್ ಮೊದಲು ಬಲಕ್ಕೆ ಅಗಲವಾಗಿ ಸರಿಯುವುದುಂಟು. ದಾರಿ ಬಿಟ್ಟ ಅಂತ ಅಂದುಕೊಂಡು ಮುನ್ನುಗ್ಗಿದವರು ಅದಕ್ಕೇ ಗುದ್ದುತ್ತಾರೆ.

ಎದುರಿನ ಪಿಕಪ್ಪಿನವನು ಸ್ಟಿಯರಿಂಗ್ ಮೇಲಿಂದ ಒಂದು ಬೆರಳೆತ್ತಿದರೆ ನೀವೂ ಎತ್ತಿ. ರೈತರನ್ನು ‘ಎಷ್ಟು ಎಕರೆ ಮಾಡುತ್ತೀರಿ’ ಅಂತ ಮಾತ್ರ ಕೇಳಬೇಡಿ. ನಮ್ಮೂರಲ್ಲಿ ಸಲೀಸಾದ ಮಾತು ಇಲ್ಲಿ ಬ್ಯಾಂಕಿನ ಲೆಕ್ಕ ಕೇಳಿದಂತಾಗುತ್ತದೆ. ಮಳೆ, ಬೆಳೆ, ಹೈಸ್ಕೂಲಿನ ಫುಟ್‌ಬಾಲ್ ಸಾಕು. ನಿಮ್ಮ ಡ್ರೈವ್‌ವೇ ಹಿಮ ತೆಗೆದುಕೊಟ್ಟ ನೆರೆಯವರು ಕೂಲಿ ಅಂದರೆ ಮುಟ್ಟುವುದಿಲ್ಲ, ಡೀಸೆಲ್ಲಿಗೆ ಅಂದರೆ ಒಪ್ಪಿಕೊಳ್ಳಬಹುದು. ಅದಕ್ಕಿಂತ, ಕೊಯ್ಲಿನ ದಿನ ಹೊಲಕ್ಕೇ ಊಟ ಒಯ್ಯಿರಿ. ಕಂಬೈನ್ ಓಡಿಸುತ್ತ ಒಂದೇ ಕೈಯಲ್ಲಿ ತಿನ್ನುವಂತಿರಬೇಕು. ಆಲೂಗಡ್ಡೆ ಪಲ್ಯ ಸುತ್ತಿದ ಚಪಾತಿ, ಖಾರ ಕಡಿಮೆ, ಫಾಯಿಲಿನಲ್ಲಿ.

ಕೈತೋಟಕ್ಕೆ ಮೆಂತ್ಯ, ಕೊತ್ತಂಬರಿ ಏಪ್ರಿಲ್ ಕೊನೆಗೆ ಬಿತ್ತಬಹುದು. ಬೆಂಡೆ, ಬದನೆ, ಮೆಣಸಿನಕಾಯಿಗೆ ಮೇ ಮಧ್ಯದ ತನಕ, ಅಂದರೆ ಕೊನೆಯ ಇಬ್ಬನಿ ಹೆಪ್ಪುಗಟ್ಟುವ ಕಾಲ ಕಳೆಯುವವರೆಗೆ ತಡೆಯಬೇಕು. ಕರಿಬೇವು ಕುಂಡದಲ್ಲೇ, ಸೆಪ್ಟೆಂಬರಿನಲ್ಲಿ ಒಳಗೆ. ಜೂನಿನಲ್ಲಿ ಟೊಮೆಟೊ ಎಲೆ ಬಟ್ಟಲಿನಂತೆ ಮುದುರಿ ಚಿಗುರು ತಿರುಚಿಕೊಂಡರೆ ಅದು ರೋಗವೇ ಆಗಬೇಕಿಲ್ಲ, ಪಕ್ಕದ ಹೊಲದ ಕಳೆನಾಶಕ ಗಾಳಿಯಲ್ಲಿ ತೇಲಿಬಂದಿರಬಹುದು. ಆಗ ಜಗಳಕ್ಕೆ ಹೋಗಿ ಫಲವಿಲ್ಲ. ಮಾರ್ಚಿನಲ್ಲೇ ಪಕ್ಕದ ಹೊಲದವರಿಗೂ ಸಿಂಪಡಿಸುವ ಕೋ-ಆಪ್‌ನವರಿಗೂ ತೋಟ ಎಲ್ಲಿದೆ ಅಂತ ತೋರಿಸಿಕೊಟ್ಟರೆ, ಗಾಳಿ ನಿಮ್ಮ ಕಡೆ ಬೀಸುವ ದಿನ ಆ ಅಂಚನ್ನು ಬಿಟ್ಟು ಹೊಡೆಯುತ್ತಾರೆ.