ವಿಜಯಪುರದ ಬಿಸಲಾಗ ಪಗ್ ಸಾಕೋದು ಹೆಂಗ

ಚಪ್ಪಟಿ ಮೂತಿ ಪಗ್ ನಾಯಿ ತರಬೇಕಂತ ಮಾಡೀವಿ ಅನ್ನೋರಿಗೆ ನಾ ಮೊದ್ಲ ಕೇಳೋದು ರೊಕ್ಕದ ಮಾತಲ್ಲ, ಏಪ್ರಿಲ್-ಮೇದಾಗ ಮಧ್ಯಾನ ಎರಡಕ್ಕ ಕರೆಂಟ್ ಹೋದ್ರ ನಿಮ್ಮ ಮನ್ಯಾಗ ತಂಪ ಇರೋ ಖೋಲಿ ಒಂದರ ಅದ ಏನ್ರಿ ಅಂತ. ಹಳೇ ಮಾಳಿಗಿ ಮನಿ ಇದ್ರ ಪಾಡ, ಮ್ಯಾಲಿನ ಮಹಡಿ ಸ್ಲ್ಯಾಬ್ ಮನಿ ಇಲ್ಲಾ ಪತ್ರಾಸ್ ಮನಿ ಇದ್ರ ಕೂಲರ್ ಇನ್ವರ್ಟರ್ ಇಲ್ದ ತರಬ್ಯಾಡ್ರಿ, ಖರೇನ ಹೇಳಾಕತ್ತೀನಿ. 2003ರ ಸುಮಾರಿಗೆ ಹಚ್ ಮೊಬೈಲ್ ಜಾಹೀರಾತಿನ್ಯಾಗ ಬಂದ ಮ್ಯಾಲ ಈ ನಾಯಿ ಎಲ್ಲಾರಿಗೂ ಗೊತ್ತಾತು, ಹುಡುಗನ ಹಿಂದ ಓಡಾಡೋದು ನೋಡಿ ನಮ್ಮ ಬಿಸಲಾಗೂ ಹಂಗ ಓಡಿಸಬಹುದು ಅನ್ಕೊಂಡ್ರ ಕೆಲಸ ಕೆಟ್ಟಂಗ.

ಯಾಕಂದ್ರ ನಾಯಿಗೆ ನಮ್ಮಂಗ ಮೈತುಂಬ ಬೆವರು ಬರಂಗಿಲ್ಲ, ನಾಲಗಿ ಹೊರಗ ಹಾಕಿ ತೇಕಿದಾಗ ಮೈಕಾವು ಇಳೀತದ. ಮುಧೋಳ ನಾಯಿಗೆ ಉದ್ದ ಮೂತಿ ಅದ, ಅದ್ರ ಮಾತು ಬ್ಯಾರೆ. ಪಗ್‌ಗೆ ಮೂತಿನ ಇಲ್ಲ, ಮೂಗಿನ ಹೊಳ್ಳಿ ಸಣ್ಣು, ಬಾಯಿ ಅಂಗಳದ ಹಿಂದಿನ ಮೆತ್ತನ ಭಾಗ ಉದ್ದಾಗಿ ಗಾಳಿಗೆ ಅಡ್ಡ ಬರ್ತದ, ನೀವು ನಕ್ಕೋತ ವಿಡಿಯೋ ಮಾಡೋ ಗೊರಕಿ ಅದ ನೋಡ್ರಿ, ಅದು ಅಲ್ಲಿಂದನ ಬರೋದು. ಎಚ್ಚರ ಇದ್ದಾಗೂ ಗೊರ ಗೊರ ಅನ್ನೋದು, ನಾಕ್ ಹೆಜ್ಜಿ ಹಾಕಿ ಕುಂತ್ಬಿಡೋದು, ನಿದ್ದಿಯೊಳಗ ಉಸರು ಕಟ್ಟಿ ಎದ್ದೇಳೋದು ಇದ್ರ ಡಾಕ್ಟ್ರಿಗೆ ತೋರಿಸ್ರಿ, ಹೊಳ್ಳಿ ಅಗಲ ಮಾಡೋ ಆಪರೇಷನ್ ಬರ್ತದ, ಮರಿ ಇದ್ದಾಗನ ತೋರಿಸಿದ್ರ ಚಲೋ.

ಬ್ಯಾಸಿಗಿಯೊಳಗ ವಾಕಿಂಗ್ ಅಂದ್ರ ಮುಂಜಾನೆ 7ರೊಳಗ ಮುಗೀಬೇಕು. ಗೋಳಗುಮ್ಮಟದ ಕಡೆ ರೋಡ್ ಸಂಜಿಕೆ ಹೊತ್ತು ಮುಳುಗಿದ ಮ್ಯಾಲೂ ಕಾದಿರ್ತದ, ಕೈ ಹಿಂಬದಿ ಡಾಂಬರ್ ಮ್ಯಾಲೆ ಇಟ್ಟು ಐದಾರ್ ಸೆಕೆಂಡ್ ತಡಕೊಳ್ಳಾಕ ಆಗ್ಲಿಲ್ಲಂದ್ರ ಮನಿಗೆ ತಿರುಗ್ರಿ. ಕೊರಳಿಗೆ ಪಟ್ಟಾ ಬ್ಯಾಡ, ಎದಿಗೆ ಹಾಕೋ ಹಾರ್ನೆಸ್ ತಗೋರಿ, ಕೊರಳು ಜಗ್ಗಿದ್ರ ಉಸಿರಿಗೂ ತ್ರಾಸು, ಆ ಗುಡ್ಡಿಗಣ್ಣಿಗೂ ಅಪಾಯ. ನಮ್ಮ ಕಡೆ ಒಣ ಝಳ ಇರೋದ್ರಿಂದ ಕೂಲರ್ ಚಲೋ ಕೆಲಸ ಮಾಡ್ತದ, ಆದ್ರ ಖಿಡಕಿ ಮುಚ್ಚಿ ಹಚ್ಚಬ್ಯಾಡ್ರಿ, ಖೋಲಿ ತುಂಬ ಹಸಿ ಗಾಳಿ ಆದ್ರ ನಾಯಿ ಎಷ್ಟ್ ತೇಕಿದ್ರೂ ಕಾವು ಇಳಿಯಂಗಿಲ್ಲ.

ನಾಲಗಿ ಕಡುಕೆಂಪು ಇಲ್ಲಾ ನೀಲಿ ಆತು, ಜೊಲ್ಲು ದಪ್ಪ ಅಂಟಂಟ ಆತು, ನಡಿಯಾಕ ಹೋದ್ರ ಜೋಲಿ ಹೊಡೀತು ಅಂದ್ರ ಧಗಿ ಬಡದದ ಅಂತ ತಿಳ್ಕೋರಿ. ನಾಯಿ ಮೈಕಾವು ಮಾಮೂಲಿ 38-39 ಡಿಗ್ರಿ ಸೆಲ್ಸಿಯಸ್, 41 ದಾಟ್ತಂದ್ರ ಜೀವಕ್ಕ ಕುತ್ತು. ಫೋನ್ ಹಚ್ಕೋತ ಕೂಡಬ್ಯಾಡ್ರಿ, ಮೊದ್ಲ ನೆರಳಿಗೆ ಒಯ್ದು ತಲಿ ಬಿಟ್ಟು ಮೈಮ್ಯಾಲೆಲ್ಲಾ ನೀರು ಸುರುವಿ ಫ್ಯಾನ್ ಹಚ್ರಿ, ಆಮ್ಯಾಲೆ ದವಾಖಾನಿ. ನಳದ ನೀರು ನಂಬಬ್ಯಾಡ್ರಿ ಮತ್ತ, ಮಧ್ಯಾನ ಮಾಳಗಿ ಮ್ಯಾಲಿನ ಟ್ಯಾಂಕಿ ನೀರು ಕೈ ಸುಡ್ತದ, ಒಳಗಿನ ಕೊಡದ ನೀರು ಸುರುವ್ರಿ. ಹಸಿ ಟವೆಲ್ ಹೊಚ್ಚಿ ಬಿಡಬಾರದು, ಅದು ಕಾವು ಒಳಗ ಹಿಡ್ದಿಡ್ತದ.

ಇನ್ನ ಊಟದ್ದು, ಇಲ್ಲಿ ನಾ ಸ್ವಲ್ಪ ಜಗಳಗಂಟ. ತಿಕೋಟಾ ಕಡೆ ದ್ರಾಕ್ಷಿ ತ್ವಾಟ ಇರೋ ಜಿಲ್ಲಾ ನಮ್ದು, ಯಾರ ಮನಿಗೆ ಹೋದ್ರೂ ಮಣೂಕದ (ಒಣದ್ರಾಕ್ಷಿ) ಡಬ್ಬಿ ಕೈಗೆ ಸಿಗೋ ಹಂಗ ಇರ್ತದ, ಬಂದ ಬೀಗರು ಪ್ರೀತಿಲೆ ನಾಯಿಗೂ ನಾಕ್ ಹಾಕ್ತಾರ. ದ್ರಾಕ್ಷಿ, ಮಣೂಕ ಎರಡೂ ನಾಯಿ ಕಿಡ್ನಿ ಕೆಡಸ್ತಾವು, ಯಾವ ನಾಯಿಗೆ ಎಷ್ಟಕ್ಕ ಏರ್ತದ ಅಂತ ಲೆಕ್ಕ ಸಿಗಂಗಿಲ್ಲ, ಆರೇಳು ಕೆಜಿ ನಾಯಿಗೆ ಒಂದ್ ಮುಷ್ಟಿ ಅಂದ್ರ ಭಾಳ ಆತು. ತಿಂದದ್ದು ಗೊತ್ತಾದ ತಕ್ಷಣ ಡಾಕ್ಟ್ರ ಕಡೆ ಓಡ್ರಿ, ವಾಂತಿ ಆಗ್ಲಿ ಅಂತ ಮನ್ಯಾಗ ಉಪ್ಪುನೀರು ಕುಡಿಸಬ್ಯಾಡ್ರಿ, ಚಪ್ಪಟಿ ಮೂತಿ ನಾಯಿಗೆ ಅದು ಶ್ವಾಸಕ್ಕ ಹೋಗೋ ಭಯ ಜಾಸ್ತಿ. ದ್ರಾಕ್ಷಿಯೊಳಗಿನ ಟಾರ್ಟಾರಿಕ್ ಆ್ಯಸಿಡ್ ಮ್ಯಾಲೆ ಸಂಶಯ ಅದ, ಅದು ಹುಣಸಿಹಣ್ಣಿನ್ಯಾಗೂ ಇರ್ತದ, ಹಿಂಗಾಗಿ ಸಾರು ಕಲಸಿದ ಅನ್ನನೂ ಬ್ಯಾಡ. ಉಳ್ಳಾಗಡ್ಡಿ, ಬಳ್ಳೊಳ್ಳಿ, ಚಾಕ್ಲೇಟ್ ಅಂತೂ ಮುಟ್ಟಿಸಬ್ಯಾಡ್ರಿ. "ಏ ಏನಾಗಂಗಿಲ್ಲ ಬಿಡು ತಮ್ಮಾ, ನಮ್ಮ ತ್ವಾಟದ ನಾಯಿ ಎಲ್ಲಾ ತಿಂತದ" ಅನ್ನೋ ಕಾಕಾ ಪ್ರತಿ ಮನಿಗೂ ಒಬ್ಬರು ಇರ್ತಾರ, ಅವರ ಮುಂದ ಡಬ್ಬಿನ ಎತ್ತಿಡ್ರಿ.

ದಿನಕ್ಕ ಎರಡು ಹೊತ್ತು ಅಳತಿ ಮಾಡಿ ಹಾಕ್ರಿ, ಅಗಲ ತಾಟಿನ್ಯಾಗ, ಆಳ ಬಟ್ಟಲಾಗ ಅದಕ್ಕ ಬಾಯಿ ಮುಟ್ಟಂಗಿಲ್ಲ. ಪಕ್ಕಿ ಸವರಿದ್ರ ಎಲುಬು ಕೈಗೆ ಹತ್ತಬೇಕು, ಹತ್ತಲಿಲ್ಲಂದ್ರ ದಪ್ಪ ಆಗ್ಯಾದ, ಗಂಟಲ ಸುತ್ತ ಕೊಬ್ಬು ಕೂತ್ರ ಮೊದ್ಲ ಇಕ್ಕಟ್ಟಿದ್ದ ದಾರಿ ಇನ್ನೂ ಇಕ್ಕಟ್ಟು.

ಮೂಗಿನ ಮ್ಯಾಲಿನ ಮಡಿಕಿ ದಿನಾ ಹಸಿ ಹತ್ತಿಲೆ ಒರಸಿ, ಒಣ ಬಟ್ಟಿಲೆ ಮತ್ತೊಮ್ಮಿ ಒರಸ್ರಿ, ಎಣ್ಣಿ ಪೌಡರ್ ಹಚ್ಚಬ್ಯಾಡ್ರಿ. ನಾತ ಬಂತಂದ್ರ ಸೋಂಕು ಆಗ್ಯಾದ. ಕಣ್ಣು ಕೆಂಪಾತು, ಅರ್ಧ ಮುಚ್ಚಿತು, ಬೆಳ್ಳಗ ಮಸುಕಾತು ಅಂದ್ರ ಅವತ್ತ ತೋರಿಸ್ರಿ, ನಾಳಿಗೆ ಇಡಬ್ಯಾಡ್ರಿ, ಮತ್ತ ಮನ್ಯಾಗ ಉಳದಿದ್ದ ನಮ್ಮ ಡ್ರಾಪ್ಸ್ ಹಾಕಬ್ಯಾಡ್ರಿ, ಸ್ಟೀರಾಯ್ಡ್ ಇದ್ರ ಕಣ್ಣಿನ ಹುಣ್ಣು ಮತ್ತಿಷ್ಟು ಕೆಡ್ತದ. ಕೂದಲು ಮಾತ್ರ ವರ್ಷಪೂರ್ತಿ ಉದರ್ತಾವು, ಧೋತ್ರ ಉಡೋ ಅಜ್ಜಾ ಮನ್ಯಾಗಿದ್ರ ಮೊದ್ಲ ಹೇಳಿ ಒಪ್ಪಿಸ್ರಿ.

ಲಸಿಕಿ ಆರು-ಎಂಟು ವಾರಕ್ಕ ಸುರು, ರೇಬೀಸ್‌ದು ಮೂರು ತಿಂಗಳಿಗೆ, ಆಮ್ಯಾಲೆ ವರ್ಷಾ ವರ್ಷ. ದನದ ದವಾಖಾನಿಯೊಳಗೂ ಕೇಳಿ ನೋಡ್ರಿ. ಉಣ್ಣಿ ಔಷಧ ಡಾಕ್ಟ್ರನ್ನ ಕೇಳಿ ಹಾಕ್ರಿ, ಉಣ್ಣಿ ಜ್ವರ ನಮ್ಮ ಕಡೆ ಕಾಣ್ತದ. ಯಾವ ಆಪರೇಷನ್ ಇದ್ರೂ ಮತ್ತಿನ ಔಷಧ ಕೊಡೋಕಿಂತ ಮೊದ್ಲ ಗೊರಕಿದೂ ಉಸರುಕಟ್ಟೋದೂ ಬಿಡಿಸಿ ಹೇಳ್ರಿ, ಈ ತಳಿಗೆ ಮತ್ತು ಇಳಿಯೋ ಹೊತ್ತಿನ್ಯಾಗ ಉಸಿರಿನ ತ್ರಾಸು ಹೆಚ್ಚು, ಪೂರಾ ಎಚ್ಚರ ಆಗೋತನಕ ಅಲ್ಲೇ ಇಟ್ಕೋರಿ ಅಂತ ಕೇಳ್ಕೋರಿ.