ಒಂದು ಘಟನೆಗೆ ಮೂರು ವೋಚರ್: ನಮ್ಮ ಯುಕೆ ಸ್ಪೌಸ್ ವೀಸಾ ಆದ ಬಗೆ

2024ರ ನವೆಂಬರ್‌ನಲ್ಲಿ ನನಗೆ ಯುಕೆ ಸ್ಪೌಸ್ ವೀಸಾ ಬಂತು, ಅಂದರೆ ಅಲ್ಲಿರುವ ಹೆಂಡತಿಯ ಜೊತೆ ಬಾಳಲು ಕೊಡುವ ವೀಸಾ. ಅದು ಎರಡನೇ ಅರ್ಜಿ. ಮೊದಲನೆಯದು ರಿಜೆಕ್ಟ್ ಆಗಿತ್ತು. ಎರಡನೆಯದನ್ನು ಏಜೆಂಟರಿಲ್ಲದೆ, ವಕೀಲರಿಲ್ಲದೆ, ಶಿವಮೊಗ್ಗದ ನಮ್ಮ ಮನೆಯಲ್ಲಿ ಕೂತು ನಾನೇ ಜೋಡಿಸಿದೆ. "ಹೀಗೆ ಮಾಡಿದ್ರೆ ಮತ್ತೆ ಹೋಗುತ್ತೆ ನೋಡು" ಅಂತ ಹೇಳಿದವರು ಕಡಿಮೆ ಅಂದರೂ ನಾಲ್ಕು ಜನ. ಅದಕ್ಕೇ ಬರೆಯುತ್ತಿದ್ದೇನೆ.

ಟಿಬಿ ಟೆಸ್ಟ್, ಎ1 ಮಟ್ಟದ ಇಂಗ್ಲಿಷ್ ಪರೀಕ್ಷೆ, ಆರು ತಿಂಗಳ ಸಂಬಳದ ಚೀಟಿ, ಇದೆಲ್ಲ ಈ ದಾರಿ ಹಿಡಿದವರಿಗೆ ಗೊತ್ತೇ ಇರುತ್ತದೆ. ನಾನು ಹೇಳುವುದು ಮದುವೆ ನಿಜ ಅಂತ ತೋರಿಸುವ ಭಾಗ ಮಾತ್ರ. ನಿಯಮದಲ್ಲಿ ಇರುವ ಮಾತು 'ಜೆನ್ಯೂಯಿನ್ ಅಂಡ್ ಸಬ್ಸಿಸ್ಟಿಂಗ್'. ಮದುವೆ ನಿಜವಾಗಿ ಆಗಿದ್ದರೆ ಸಾಲದು, ಇವತ್ತಿಗೂ ನಡೆಯುತ್ತಿರಬೇಕು. ನಾವು ಮೊದಲ ಸಲ ಬಿದ್ದದ್ದು ಈ ಎರಡನೇ ಪದದಲ್ಲಿ.

ನನ್ನ ಹೆಂಡತಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ನರ್ಸ್. 2017ರಲ್ಲಿ ಹೋದವಳು, ಐದು ವರ್ಷ ಮುಗಿಸಿ ಐಎಲ್‌ಆರ್, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿ, ತೆಗೆದುಕೊಂಡಳು. ನಾನು ಆಡಿಟರ್ ಆಫೀಸಿನಲ್ಲಿ ಹದಿನಾಲ್ಕು ವರ್ಷ ಲೆಕ್ಕಪತ್ರ ನೋಡಿದವನು. ಮನೆಯವರು ನೋಡಿ ಮಾಡಿದ ಮದುವೆ, 2023ರ ಫೆಬ್ರವರಿಯಲ್ಲಿ. ಮದುವೆಯಾಗಿ ಹತ್ತೊಂಬತ್ತನೇ ದಿನಕ್ಕೆ ಅವಳ ರಜೆ ಮುಗಿಯಿತು, ಹೊರಟಳು.

ಆ ವರ್ಷ ಆಗಸ್ಟ್‌ನಲ್ಲಿ ಮೊದಲ ಅರ್ಜಿ ಹಾಕಿದೆವು. ಕನ್ಸಲ್ಟೆಂಟ್ ಒಬ್ಬರಿಗೆ 60 ಸಾವಿರ ಕೊಟ್ಟೆ. ಜಾಸ್ತಿ ಪುಟ ಇದ್ದಷ್ಟೂ ಒಳ್ಳೆಯದು ಅಂತ ಅವರ ಲೆಕ್ಕ. ಫೋಟೋ ಸುಮಾರು ನಾನೂರು, ಅಷ್ಟೂ ಮದುವೆಯ ಎರಡು ದಿನದವು. ವಾಟ್ಸ್ಯಾಪ್ ಚಾಟ್ ನಾನೂರು ಪುಟ. ಸ್ಟಾಂಪ್ ಪೇಪರ್ ಮೇಲೆ ನೋಟರಿ ಮಾಡಿಸಿದ ಹನ್ನೆರಡು ಪತ್ರ, ಹನ್ನೆರಡರಲ್ಲೂ ಒಂದೇ ಒಕ್ಕಣೆ. ಅರ್ಜಿಗೆ ವಾರ ಇರುವಾಗ ತೆರೆದ ಜಂಟಿ ಖಾತೆ, ಅದರಲ್ಲಿ ಐದು ಸಾವಿರ ರೂಪಾಯಿ.

2024ರ ಜನವರಿ ಕೊನೆಗೆ ತಿರಸ್ಕಾರದ ಪತ್ರ ಬಂತು. ಮದುವೆ ಆಗಿರುವುದನ್ನು ಅವರು ಒಪ್ಪಿದ್ದರು. ಆಮೇಲೆ ಸಂಬಂಧ ಮುಂದುವರಿದಿದೆ ಅನ್ನುವುದಕ್ಕೆ ಆಧಾರ ಸಾಲದು ಅಂದಿದ್ದರು. ಚಾಟ್ ಇಂಗ್ಲಿಷ್‌ನಲ್ಲಿಲ್ಲ, ಅನುವಾದವೂ ಇಲ್ಲ. ಮದುವೆಯ ದಿನಾಂಕ ನನ್ನ ಅರ್ಜಿಯಲ್ಲಿ ಒಂದು, ಅವಳ ಪತ್ರದಲ್ಲಿ ಇನ್ನೊಂದು. ನಾನು ಧಾರೆಯ ದಿನ ಬರೆದಿದ್ದೆ, ಅವಳು ಸಬ್ ರಿಜಿಸ್ಟ್ರಾರ್ ಕಚೇರಿಯ ನೋಂದಣಿ ದಿನ ಬರೆದಿದ್ದಳು. ಎಂಟು ದಿನದ ವ್ಯತ್ಯಾಸ. ಎರಡೂ ಸರಿಯೇ, ಆದರೆ ಎಲ್ಲಿಯೂ ನಾವು ಅದನ್ನು ಹೇಳಿರಲಿಲ್ಲ.

ಆ ಪತ್ರವನ್ನು ಮೂರು ದಿನ ಓದಿದೆ. ನಾಲ್ಕನೇ ದಿನ ಹೊಳೆಯಿತು, ಇದು ಆಡಿಟ್ ಕ್ವೆರಿ ಅಲ್ವಾ! ವೋಚರ್, ಅಂದರೆ ಲೆಕ್ಕಕ್ಕೆ ಆಧಾರದ ಚೀಟಿ, ಇಲ್ಲದ ಎಂಟ್ರಿಯನ್ನು ನಾನು ಯಾವತ್ತಾದರೂ ಪಾಸ್ ಮಾಡಿದ್ದೀನಾ? ಪಾರ್ಟಿ ತಾನೇ ಬರೆದುಕೊಟ್ಟ ಚೀಟಿಯನ್ನು ನಂಬಿದ್ದೀನಾ? ನಾವು ಕೊಟ್ಟಿದ್ದೆಲ್ಲ ನಾವೇ ಬರೆದುಕೊಂಡ ಚೀಟಿಗಳು.

ಅಲ್ಲಿಂದ ಒಂದು ನಿಯಮ ಮಾಡಿಕೊಂಡೆ. ಫೈಲಿನಲ್ಲಿ ಹಾಕುವ ಪ್ರತಿ ಘಟನೆಗೂ ಮೂರು ವೋಚರ್ ಬೇಕು. ಒಂದು ನನ್ನ ಕಡೆಯಿಂದ, ಒಂದು ಅವಳ ಕಡೆಯಿಂದ, ಒಂದು ನಮ್ಮಿಬ್ಬರಿಗೂ ಸಂಬಂಧವೇ ಇಲ್ಲದ ಮೂರನೆಯವರಿಂದ. ಮೂರರಲ್ಲೂ ದಿನಾಂಕ ಇರಬೇಕು, ಮೂರೂ ಒಂದಕ್ಕೊಂದು ಹೊಂದಬೇಕು. ಮೂರು ಸಿಗದಿದ್ದರೆ ಆ ಘಟನೆ ಎಷ್ಟೇ ಪ್ರೀತಿಯದ್ದಾಗಿರಲಿ, ಫೈಲಿಗೆ ಇಲ್ಲ.

ಉದಾಹರಣೆಗೆ 2023ರ ಡಿಸೆಂಬರ್‌ನಲ್ಲಿ ಅವಳು ಮೂರು ವಾರ ಬಂದಿದ್ದಳು. ಅವಳ ಕಡೆಯಿಂದ ಬೋರ್ಡಿಂಗ್ ಪಾಸ್, ಪಾಸ್‌ಪೋರ್ಟ್‌ನ ಮುದ್ರೆ. ನನ್ನ ಕಡೆಯಿಂದ? ಕರೆದುಕೊಂಡು ಬರಲು ನಾನು ಕಾರು ತೆಗೆದುಕೊಂಡು ಹೋಗಿದ್ದೆ. ತುಮಕೂರು ರಸ್ತೆಯ ಟೋಲ್‌ನಲ್ಲಿ ಫಾಸ್ಟ್ಯಾಗ್ ಹಣ ಕಟ್ ಆದ ಮೆಸೇಜ್ ಫೋನಿನಲ್ಲೇ ಇತ್ತು. ರಾತ್ರಿ ಹೋಗುವಾಗ ಒಂದು, ಬೆಳಗ್ಗೆ ವಾಪಸ್ ಬರುವಾಗ ಒಂದು. ಈ ಎರಡರ ನಡುವೆ ವಿಮಾನ ನಿಲ್ದಾಣದ ಪಾರ್ಕಿಂಗ್ ರಸೀದಿ. ವಿಮಾನ ಇಳಿದ ಹೊತ್ತಿಗೆ ನನ್ನ ಕಾರು ಅಲ್ಲಿತ್ತು ಅಂತ ಮೂರನೆಯವರ ಯಂತ್ರವೇ ಹೇಳುತ್ತದೆ. ಇವೆಲ್ಲ ಒಂದೇ ಪುಟದಲ್ಲಿ, ಸಮಯದ ಪ್ರಕಾರ. ಅದರ ಕೆಳಗೆ ಒಂದೇ ಒಂದು ಫೋಟೋ, ದಾರಿಯಲ್ಲಿ ತಟ್ಟೆ ಇಡ್ಲಿ ತಿನ್ನುವಾಗ ತೆಗೆದದ್ದು. ನಾನೂರು ಮದುವೆ ಫೋಟೋಗಳಿಗಿಂತ ಈ ಒಂದು ಪುಟ ಗಟ್ಟಿ ಅಂತ ನನಗೆ ಆವತ್ತೇ ಅನ್ನಿಸಿತ್ತು.

ಅಮ್ಮನ ಕಣ್ಣಿನ ಪೊರೆ ಆಪರೇಷನ್‌ದು ಇನ್ನೊಂದು. ಬಿಲ್ ಆಗಿದ್ದು 38 ಸಾವಿರದಷ್ಟು. ಹಣ ಅವಳೇ ಕಳಿಸಿದಳು. ವರ್ಗಾವಣೆಯ ರಸೀದಿ ಅವಳದ್ದು, ನನ್ನ ಪಾಸ್‌ಬುಕ್‌ನ ಸಾಲು ನನ್ನದು, ಅದೇ ದಿನದ ಬಿಲ್ ಆಸ್ಪತ್ರೆಯದು. ಜೊತೆಗೆ ಅತ್ತೆ ಸೊಸೆ ಮಾತು. ಅಮ್ಮನಿಗೆ ಟೈಪ್ ಮಾಡಲು ಬರಲ್ಲ, ವಾಯ್ಸ್ ಮೆಸೇಜ್ ಕಳಿಸುತ್ತಾರೆ. "ಪಟ್ಟಿ ಬಿಚ್ಚಿದ್ರು ಕಣೇ, ಈಗ ಕ್ಯಾಲೆಂಡರ್ ತಾರೀಖು ಕಾಣ್ತಿದೆ" ಅಂದಿದ್ದನ್ನು ಬರೆದಿಟ್ಟು ಅನುವಾದ ಮಾಡಿಸಿದೆ.

ಅನುವಾದದ ವಿಷಯದಲ್ಲಿ ತುಂಬಾ ಜನ ಮೋಸ ಹೋಗುತ್ತಾರೆ. ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿದರೂ ಅದು ಕನ್ನಡವೇ. ಇಂಗ್ಲಿಷ್ ಅಥವಾ ವೆಲ್ಷ್ ಅಲ್ಲದ ಯಾವ ದಾಖಲೆಗಾದರೂ ಅನುವಾದ ಬೇಕು. ಅದರ ಮೇಲೆ ಅನುವಾದಕರ ಹೆಸರು, ಸಹಿ, ದಿನಾಂಕ, ಸಂಪರ್ಕದ ವಿವರ ಮತ್ತು ಇದು ನಿಖರವಾದ ಅನುವಾದ ಅನ್ನುವ ಮಾತು ಇರಬೇಕು. ಪುಟಕ್ಕೆ 350 ರೂಪಾಯಿಯಂತೆ ಕೊಟ್ಟೆ ಅಂತ ನೆನಪು. ನಾನೂರು ಪುಟ ಮಾಡಿಸಿದ್ದರೆ ಒಂದೂವರೆ ಲಕ್ಷದ ಹತ್ತಿರ ಹೋಗುತ್ತಿತ್ತು. ನಾನು ತಿಂಗಳಿಗೆ ಸುಮಾರು ಎರಡು ಪುಟ ಆರಿಸಿದೆ. ಒಟ್ಟು ಮೂವತ್ತು ಪುಟ, ಹತ್ತು ಸಾವಿರ ಚಿಲ್ಲರೆ. ಯಾವ ಪುಟ ಆರಿಸಬೇಕು ಅನ್ನುವುದಕ್ಕೆ ನನ್ನದೇ ಒಂದು ಲೆಕ್ಕ ಇದೆ. ಅದನ್ನು ಇಲ್ಲಿ ಬರೆಯಲ್ಲ. ಯಾವ ದಾಖಲೆ ಯಾವ ಪುಟದಲ್ಲಿದೆ ಅಂತ ಹೇಳುವ ಸೂಚಿ ಪುಟದ ನಮೂನೆಯನ್ನೂ ಕೊಡಲ್ಲ. ಎಲ್ಲರೂ ಅದನ್ನೇ ನಕಲು ಮಾಡಿದರೆ ನಮ್ಮ ಹನ್ನೆರಡು ನೋಟರಿ ಪತ್ರಗಳ ಗತಿಯೇ ಅದಕ್ಕೂ ಬರುತ್ತದೆ.

ಚಾಟ್ ಎಕ್ಸ್‌ಪೋರ್ಟ್ ಮಾಡಿ ಎಕ್ಸೆಲ್‌ಗೆ ಹಾಕಿದೆ. ಫೋಟೋ ವಿಡಿಯೋ ಬಿಟ್ಟು ತೆಗೆದರೆ ನಲವತ್ತು ಸಾವಿರ ಮೆಸೇಜ್‌ವರೆಗೆ ಬರುತ್ತದೆ. 'ಊಟ ಆಯ್ತಾ' ಅನ್ನುವುದು ಹದಿನಾರು ತಿಂಗಳಲ್ಲಿ ಸಾವಿರದ ಒಂಬೈನೂರು ಸಲದ ಮೇಲೆ ಇತ್ತು. ಅದನ್ನು ಫೈಲಿಗೆ ಹಾಕಲಿಲ್ಲ, ಅವಳಿಗೆ ಮಾತ್ರ ಕಳಿಸಿದೆ.

ಆದರೆ ಆ ಎಕ್ಸೆಲ್‌ನಲ್ಲೇ ಬೇರೆ ಒಂದು ವಿಷಯ ಕಣ್ಣಿಗೆ ಬಿತ್ತು. ನೈಟ್ ಡ್ಯೂಟಿ ಮುಗಿಸಿ ಮನೆ ತಲುಪಿದ ಕೂಡಲೇ 'ಬಂದೆ' ಅಂತ ಹಾಕುವುದು ಅವಳ ಅಭ್ಯಾಸ. ಅಲ್ಲಿ ಬೆಳಗ್ಗೆ ಎಂಟು ನಲವತ್ತರ ಆಸುಪಾಸು. ಬೇಸಿಗೆಯಲ್ಲಿ ನಮಗೂ ಅವರಿಗೂ ನಾಲ್ಕೂವರೆ ಗಂಟೆ ವ್ಯತ್ಯಾಸ, ಚಳಿಗಾಲದಲ್ಲಿ ಐದೂವರೆ. 2023ರ ಅಕ್ಟೋಬರ್ 29ಕ್ಕೆ ಅಲ್ಲಿ ಗಡಿಯಾರ ಹಿಂದಕ್ಕೆ ಹೋಯಿತು. ಅಲ್ಲಿಯವರೆಗೆ ನನ್ನ ಫೋನಿನಲ್ಲಿ ಒಂದು ಹತ್ತಕ್ಕೆ ಬೀಳುತ್ತಿದ್ದ 'ಬಂದೆ', ಅಲ್ಲಿಂದಾಚೆ ಎರಡು ಹತ್ತಕ್ಕೆ ಬೀಳತೊಡಗಿತು. 2024ರ ಮಾರ್ಚ್ 31 ಆದ ಮೇಲೆ ಮತ್ತೆ ಒಂದು ಹತ್ತು. ಸುಳ್ಳು ಸಂಬಂಧ ಕಟ್ಟುವವರು ಇಂಥದ್ದನ್ನು ಎಲ್ಲಿಂದ ತರುತ್ತಾರೆ? ಅವಳ ಡ್ಯೂಟಿ ಪಟ್ಟಿ ತರಿಸಿ, ಬೇರೆಯವರ ಹೆಸರಿಗೆಲ್ಲ ಕಪ್ಪು ಬಳಿದು, ಪಕ್ಕದಲ್ಲಿ ಈ ಸಮಯಗಳನ್ನು ಬರೆದೆ. ಒಂದೇ ಪುಟ.

ಇದಕ್ಕೆ ಮೂರನೆಯವರ ವೋಚರ್ ಎಲ್ಲಿ? ಸುಮಾರು ಹತ್ತು ದಿನ ಯೋಚಿಸಿದೆ. ಸಿಕ್ಕಿದ್ದು ಪಕ್ಕದ ಮೇಜಿನಲ್ಲೇ. ನಮ್ಮ ಆಫೀಸಿನಲ್ಲಿ ಎಲ್ಲರೂ ಒಂದು ಗಂಟೆಗೆ ಊಟದ ಡಬ್ಬಿ ಬಿಚ್ಚುತ್ತಾರೆ. ಆ ಚಳಿಗಾಲ ಪೂರ್ತಿ, ಅವಳಿಗೆ ನೈಟ್ ಇದ್ದ ದಿನಗಳಲ್ಲಿ ನಾನು ಎರಡೂಕಾಲು ಗಂಟೆಗೆ ಊಟ ಮಾಡುತ್ತಿದ್ದೆ. ಅವಳು ಮನೆ ಸೇರದೆ ನನಗೆ ತುತ್ತು ಇಳಿಯುತ್ತಿರಲಿಲ್ಲ, ಅಷ್ಟೇ. ಸಹೋದ್ಯೋಗಿ ಒಬ್ಬರು ಇದನ್ನು ಗಮನಿಸಿದ್ದರು. ಅವರೇ ಕೈಯಾರೆ ಬರೆದುಕೊಟ್ಟರು: ನವೆಂಬರ್‌ನಿಂದ ಮಾರ್ಚ್‌ವರೆಗೆ ಈತ ನಮ್ಮ ಜೊತೆ ಊಟಕ್ಕೆ ಕೂರುತ್ತಿರಲಿಲ್ಲ, ಹೆಂಡತಿಯ ಫೋನಿಗೆ ಕಾಯುತ್ತಿದ್ದ. ಎಂಟು ಸಾಲು. ನೋಟರಿ ಇಲ್ಲ, ಸ್ಟಾಂಪ್ ಪೇಪರ್ ಇಲ್ಲ. ಗುರುತಿನ ಚೀಟಿಯ ಪ್ರತಿ ಮಾತ್ರ ಲಗತ್ತಿಸಿದೆವು. ಎರಡನೇ ಫೈಲಿನಲ್ಲಿ ಬೇರೆಯವರು ಬರೆದ ಪತ್ರ ಇದೊಂದೇ.

ನಮ್ಮಲ್ಲಿ ವಾದ ಆಗಿದ್ದು ಇನ್ನೊಂದು ಪುಟಕ್ಕೆ. 2023ರ ನವೆಂಬರ್‌ನಲ್ಲಿ ಒಂಬತ್ತು ದಿನ ನಾವು ಮಾತಾಡಿಲ್ಲ. ಅವಳ ತಮ್ಮನ ಫೀಸಿನ ವಿಷಯ, ನಾನು ಆಡಬಾರದ ಮಾತು ಆಡಿದ್ದೆ. ಆ ಒಂಬತ್ತು ದಿನವೂ 'ಬಂದೆ', 'ಸರಿ' ಎರಡೇ. ಹತ್ತನೇ ದಿನ ಎರಡು ಗಂಟೆಯ ಕರೆ. ತಿಂಗಳವಾರು ಲೆಕ್ಕದಲ್ಲಿ ಅದು ಹಳ್ಳ ಬಿದ್ದ ಹಾಗೆ ಕಾಣುತ್ತಿತ್ತು. ಆ ತಿಂಗಳು ಬಿಟ್ಟುಬಿಡಿ ಅಂತ ಎಲ್ಲರೂ ಅಂದರು. ಇವಳೂ ಫೋನಿನಲ್ಲಿ ಕೇಳಿದಳು, "ರೀ, ಇದನ್ನೂ ಹಾಕ್ತೀರಾ? ನಮ್ಮ ಜಗಳ ಅವರಿಗ್ಯಾಕೆ?" ನಾನು ಹೇಳಿದೆ, "ಪುಸ್ತಕದಲ್ಲಿ ಒಂದು ಪುಟ ಹರಿದಿದ್ರೆ ಆಡಿಟರ್ ಮೊದಲು ನೋಡೋದೇ ಅದನ್ನ. ನಾವೇ ತೋರಿಸೋಣ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಆದ್ರೆ ನೀವು ಅಂದಿದ್ದನ್ನೂ ಹಾಕಿ, ನಾನು ಅತ್ತಿದ್ದು ಮಾತ್ರ ಬೇಡ" ಅಂದಳು. ಹಾಗೇ ಮಾಡಿದೆ. ನನ್ನ ಮಾತು, ಅವಳ ಉತ್ತರ, ಹತ್ತನೇ ದಿನದ ಕರೆಯ ಸ್ಕ್ರೀನ್‌ಶಾಟ್. ಇಡೀ ಫೈಲಿನಲ್ಲಿ ನಾನು ಅತಿ ಹೆಚ್ಚು ನಂಬಿದ್ದು ಆ ಪುಟವನ್ನು.

ಕೆಲವು ಪ್ರಯೋಗ ಕೈಕೊಟ್ಟವು. ಕರೆಗಳ ವಿವರ ಚಾಟ್ ಎಕ್ಸ್‌ಪೋರ್ಟ್‌ನಲ್ಲಿ ನಮಗೆ ಸಿಗಲಿಲ್ಲ. ಕರೆ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆಯುತ್ತಾ ಕೂತೆ. ಅಷ್ಟರಲ್ಲಿ ಅವಳು ಫೋನ್ ಬದಲಾಯಿಸಿದಳು, ಅವಳ ಕಡೆಯ ಪಟ್ಟಿಯೇ ಹೋಯಿತು. ಅದಾದ ಮೇಲೆ ಪ್ರತಿ ತಿಂಗಳು ಒಂದನೇ ತಾರೀಖಿಗೆ ಇಬ್ಬರೂ ತೆಗೆದಿಡುತ್ತಿದ್ದೆವು. ಚಟ್ನಿ ಪುಡಿ, ಹಪ್ಪಳ ಪಾರ್ಸೆಲ್ ಕಳಿಸಿದ ರಸೀದಿಗಳು ಚೆನ್ನಾಗಿ ಹೊಂದಿದವು. ಒಳಗೆ ಏನಿದೆ, ಎಷ್ಟರದ್ದು ಅಂತ ಕಸ್ಟಮ್ಸ್ ಚೀಟಿಯಲ್ಲೇ ಇರುತ್ತದಲ್ಲ. ಜಂಟಿ ಖಾತೆಯನ್ನು ಮುಚ್ಚಲಿಲ್ಲ. ಎಲ್‌ಐಸಿ ಕಂತು, ಮನೆ ಕರೆಂಟ್ ಬಿಲ್ ಎಲ್ಲ ಅದರಿಂದಲೇ ಕಟ್ಟತೊಡಗಿದೆ. ಹತ್ತು ತಿಂಗಳು ದುಡಿದ ಮೇಲೆ ಅದಕ್ಕೆ ಬೆಲೆ ಬಂತು.

ಇನ್ನು ದುಡ್ಡು. ಮೊದಲ ಸಲ ಅರ್ಜಿ ಶುಲ್ಕ 1,538 ಪೌಂಡ್, ಅದು ಹೋಯಿತು. ಹೆಲ್ತ್ ಸರ್‌ಚಾರ್ಜ್, ಅಂದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆ ಮೊದಲೇ ಕಟ್ಟುವ ಹಣ, 1,872 ಪೌಂಡ್ ಕಟ್ಟಿದ್ದೆವು, ರಿಜೆಕ್ಟ್ ಆದ ಮೇಲೆ ಅದು ವಾಪಸ್ ಬಂತು. ಅಪೀಲಿಗೆ 28 ದಿನ ಇತ್ತು. ವಿಚಾರಣೆ ಬೇಕಿದ್ದರೆ ಶುಲ್ಕ 140 ಪೌಂಡ್ ಮಾತ್ರ. ಅಪೀಲೇ ಮಾಡಿ ಅಂದರು ವಕೀಲರು. ನಮ್ಮ ಮೊದಲ ಫೈಲು ನಿಜವಾಗಿಯೂ ಟೊಳ್ಳು, ಅದನ್ನೇ ಹಿಡಿದು ವಾದ ಮಾಡುವುದು ನನಗೆ ಸರಿ ಕಾಣಲಿಲ್ಲ. ಅಷ್ಟರಲ್ಲಿ ಇನ್ನೊಂದು ಗಲಾಟೆ. ಪ್ರಾಯೋಜಕರ, ಅಂದರೆ ನನ್ನನ್ನು ಕರೆಸಿಕೊಳ್ಳುವ ಹೆಂಡತಿಯ, ಕನಿಷ್ಠ ಸಂಬಳದ ಮಿತಿ ವರ್ಷಕ್ಕೆ 18,600ರಿಂದ 29,000 ಪೌಂಡ್‌ಗೆ ಏರುವುದಿತ್ತು, 2024ರ ಏಪ್ರಿಲ್ 11ರಿಂದ. ಅದಕ್ಕೆ ಮುಂಚೆ ಹೇಗಾದರೂ ಅರ್ಜಿ ಹಾಕಿ ಅಂತ ಎಲ್ಲರದ್ದೂ ಒತ್ತಾಯ. ಅವಳ ಸಂಬಳ 29 ಸಾವಿರದ ಮೇಲೇ ಇತ್ತು. ಹಾಗಿರುವಾಗ ಆತುರ ಯಾಕೆ? ಅವಳು ಏಪ್ರಿಲ್‌ನಲ್ಲಿ ಇನ್ನೊಂದು ಸಲ ಹದಿನಾರು ದಿನಕ್ಕೆ ಬಂದು ಹೋದಳು, ಜೂನ್‌ನಲ್ಲಿ ಅರ್ಜಿ ಹಾಕಿದೆವು. ಆ ಹದಿನಾರು ದಿನ ಫೈಲಿಗೆ ಬೇಕಿತ್ತು. ನಮಗೂ ಬೇಕಿತ್ತು.

ಎರಡನೇ ಸಲ ಶುಲ್ಕ 1,846 ಪೌಂಡ್. ಸರ್‌ಚಾರ್ಜ್ ವರ್ಷಕ್ಕೆ 1,035 ಆಗಿತ್ತು, ವೀಸಾದ 33 ತಿಂಗಳಿಗೆ ಮೂರು ವರ್ಷದ್ದೇ ಹಿಡಿದು 3,105. ಹತ್ತಿರ ಹತ್ತಿರ 5 ಲಕ್ಷದ 20 ಸಾವಿರ ರೂಪಾಯಿ ಒಂದೇ ದಿನ ಹೋಯಿತು. ಟಿಬಿ ಸರ್ಟಿಫಿಕೇಟ್‌ಗೆ ಆರೇ ತಿಂಗಳ ಆಯಸ್ಸು, ಅದನ್ನು ಮತ್ತೆ ಮಾಡಿಸಿದೆ. ಅವಳ ಬ್ಯಾಂಕ್ ಸ್ಟೇಟ್‌ಮೆಂಟ್ ಅರ್ಜಿಯ ದಿನಕ್ಕೆ 28 ದಿನದೊಳಗಿನದ್ದು ಇರಬೇಕಿತ್ತು, ನನ್ನ ಕೈಯಲ್ಲಿದ್ದದ್ದು 31 ದಿನ ಹಳೆಯದು. ಹಣ ಕಟ್ಟುವ ಹಿಂದಿನ ರಾತ್ರಿ ಕಂಡಿತು, ಬಚಾವಾದೆ. ವಿಮಾನದ ಟಿಕೆಟ್ ಬಿಟ್ಟು ಎರಡೂ ಸಲದ್ದು ಸೇರಿ ಎಂಟು ಲಕ್ಷದ ಹತ್ತಿರ ಆಗಿರಬೇಕು.

ಹಿಂದಿನ ತಿರಸ್ಕಾರವನ್ನು ಅರ್ಜಿಯಲ್ಲಿ ಹೇಳಲೇಬೇಕು. ನಾನು ಅದನ್ನು ಮುಂದಕ್ಕೇ ಇಟ್ಟೆ. ಮೊದಲ ಪುಟದಲ್ಲೇ ಹಳೆಯ ಪತ್ರದ ಒಂದೊಂದು ಆಕ್ಷೇಪಕ್ಕೂ ಎದುರಿಗೆ ಉತ್ತರ, ಪುಟ ಸಂಖ್ಯೆ ಸಮೇತ. ಎಂಟು ದಿನದ ದಿನಾಂಕದ ಗೊಂದಲಕ್ಕೆ ಲಗ್ನಪತ್ರಿಕೆಯ ಅನುವಾದ ಮತ್ತು ನೋಂದಣಿ ಪತ್ರ ಅಕ್ಕಪಕ್ಕ. ಮೊದಲ ಫೈಲು ಆರುನೂರು ಚಿಲ್ಲರೆ ಪುಟ ಇತ್ತು. ಇದರಲ್ಲಿ ಸಂಬಂಧದ ಭಾಗ 94 ಪುಟ. ಹಳೆಯ ಕನ್ಸಲ್ಟೆಂಟ್‌ಗೆ ತೋರಿಸಿದಾಗ "ಇಷ್ಟು ತೆಳುವಾ?" ಅಂದರು. ವೀಸಾ ಬಂದ ಮೇಲೆ ಅವರೇ ಫೋನ್ ಮಾಡಿ ಸೂಚಿ ಪುಟ ಕೇಳಿದರು. ಕೊಡಲಿಲ್ಲ.

ಬೆರಳಚ್ಚು ಕೊಟ್ಟ ದಿನದಿಂದ ಇಪ್ಪತ್ತೆರಡು ವಾರಕ್ಕೆ ನಿರ್ಧಾರ ಬಂತು. ಸಂದರ್ಶನಕ್ಕೆ ಕರೆಯಲಿಲ್ಲ, ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಮೇಲ್ ಬಂದಾಗ ಮಧ್ಯಾಹ್ನ ಎರಡು ದಾಟಿತ್ತು, ಅವಳ 'ಬಂದೆ' ಇನ್ನೂ ಬಂದಿರಲಿಲ್ಲ. ಹತ್ತು ನಿಮಿಷ ಯಾರಿಗೂ ಹೇಳದೆ ಕೂತಿದ್ದೆ. ಮೊದಲು ಅವಳಿಗೇ ಹೇಳಬೇಕಿತ್ತು.

ಈಗ ಲೆಸ್ಟರ್‌ನಲ್ಲಿದ್ದೇನೆ. 33 ತಿಂಗಳು ಮುಗಿಯುವ ಮೊದಲು ವೀಸಾ ಮುಂದುವರಿಸಬೇಕು. ಆಗ ಒಟ್ಟಿಗೆ ಬಾಳುತ್ತಿದ್ದೇವೆ ಅಂತ ತೋರಿಸಲು ಬೇರೆ ಬೇರೆ ಕಡೆಯಿಂದ ಬಂದ ಪತ್ರಗಳು ಬೇಕು. ಬಂದ ಎರಡನೇ ವಾರಕ್ಕೇ ಕೌನ್ಸಿಲ್ ಟ್ಯಾಕ್ಸ್ (ಅಲ್ಲಿನ ಮನೆ ತೆರಿಗೆ) ಖಾತೆಗೆ ನನ್ನ ಹೆಸರು ಸೇರಿಸಿದೆವು. ಇಬ್ಬರ ಹೆಸರಿನ ಬಿಲ್ ಬಂದಿದೆ, ತೂತು ಹಾಕಿ ಹೊಸ ಫೈಲಿಗೆ ಸೇರಿಸಿದ್ದೇನೆ. ನೀರಿನ ಬಿಲ್ ಇನ್ನೂ ಅವಳೊಬ್ಬಳ ಹೆಸರಲ್ಲೇ ಇದೆ. ಸೋಮವಾರ ಫೋನ್ ಮಾಡಬೇಕು.